ಲಿಫ್ಟ್ ಇದೆ ಎಂದಿದ್ದರು

ಪೋಲೆಂಡಿನ ಕ್ರಾಕೋವ್‌ನಿಂದ ವ್ಯೆಲಿಚ್ಕಾ ಉಪ್ಪಿನ ಗಣಿಗೆ ಹೋಗುವವರು ರೈಲು ಹತ್ತಿ. ಪ್ಯಾಕೇಜ್ ಪ್ರವಾಸದ ಗೊಡವೆ ಬೇಡ. ಎರಡನ್ನೂ ಮಾಡಿ ನೋಡಿದ ಮೇಲೆ ಹೇಳುತ್ತಿದ್ದೇನೆ. ಪಕ್ಕದ ಬೊಖ್ನ್ಯಾ ಗಣಿಯನ್ನೂ ನೋಡಿ ಬಂದಿದ್ದೇನೆ, ಅದರ ಮಾತು ಕೊನೆಗೆ.

ಕಳೆದ ವರ್ಷ ಅಮ್ಮ ಕುಮಟಾದಿಂದ ಇಲ್ಲಿಗೆ ಬಂದಿದ್ದಳು. ಮೊದಲ ವಿದೇಶ ಪ್ರಯಾಣ, ಪರದಾಟ ಬೇಡ ಎಂದು ಮನೆ ಬಾಗಿಲಿನಿಂದಲೇ ವ್ಯಾನಿನಲ್ಲಿ ಕರೆದೊಯ್ಯುವ ಪ್ಯಾಕೇಜ್ ಹುಡುಕಿದೆ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಕಷ್ಟ ಎಂದು ಮೊದಲೇ ಬರೆದು ಕೇಳಿದ್ದೆ. ಉತ್ತರ ಒಂದೇ ಸಾಲು: ಚಿಂತೆ ಬೇಡ, ಲಿಫ್ಟ್ ಇದೆ.

ಲಿಫ್ಟ್ ಇರುವುದು ನಿಜ. ಮೇಲೆ ಬರುವುದಕ್ಕೆ!

ಸಾಮಾನ್ಯ ಪ್ರವಾಸಿ ಮಾರ್ಗ ಹಿಡಿದವರು ದನಿಲೊವಿಚ್ ಶಾಫ್ಟಿನ (ಗಣಿಗೆ ಇಳಿಯುವ ನೇರ ಬಾವಿಯ) ಪಕ್ಕದ ಮರದ ಮೆಟ್ಟಿಲಲ್ಲಿ ಇಳಿಯಬೇಕು. ಸುಮಾರು 380 ಮೆಟ್ಟಿಲು ಇಳಿದರೆ 64 ಮೀಟರ್ ಆಳದ ಮೊದಲ ಹಂತ. ಅದು ಬರೀ ಆರಂಭ. ಮೂರೂವರೆ ಕಿಲೋಮೀಟರ್ ನಡೆದು, 135 ಮೀಟರ್ ಆಳ ಮುಟ್ಟಿ, ಮುಗಿಯುವಷ್ಟರಲ್ಲಿ ಮೆಟ್ಟಿಲುಗಳ ಲೆಕ್ಕ 800ರ ಆಸುಪಾಸಿಗೆ ಬಂದಿರುತ್ತದೆ. ಇದು ನನಗೆ ಗೊತ್ತಾದದ್ದು ಮೆಟ್ಟಿಲ ಬಾಯಿಯಲ್ಲಿ ನಿಂತಾಗ. ವ್ಯಾನಿನ ಜೊತೆ ಬಂದಿದ್ದ ಹುಡುಗ, ಇಳಿಯುವುದೇ ತಾನೆ, ಹತ್ತುವುದಲ್ಲವಲ್ಲ ಎಂದು ಸಮಾಧಾನ ಹೇಳಿದ. ಮಂಡಿ ನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಠಿಣ ಎಂಬುದು ಆ ವಯಸ್ಸಿಗೆ ಹೇಗೆ ತಿಳಿಯಬೇಕು?

ಹಿಂತಿರುಗೋಣ ಎಂದೆ. ಅಮ್ಮ ಕೇಳಲಿಲ್ಲ. "ಇಷ್ಟು ದೂರ ಬಂದು ಗಣಿಯೊಳಗಿನ ಇಗರ್ಜಿ ನೋಡದೆ ಹೋಗುವುದೇ?" ಎಂದು ಒಂದು ಕೈಯಲ್ಲಿ ಕಟಾಂಜನ, ಇನ್ನೊಂದರಲ್ಲಿ ನನ್ನ ತೋಳು ಹಿಡಿದು ವಿಷ್ಣು ಸಹಸ್ರನಾಮ ಶುರು ಮಾಡಿದಳು. ಕೆಲವೇ ಮೆಟ್ಟಿಲಿಗೊಂದು ತಿರುವು. ಇಣುಕಿದರೆ ಕೆಳಗೆ ಇನ್ನಷ್ಟು ತಿರುವು. ಹಿಂದಿನವರು ಕಾಯುತ್ತಿದ್ದರು, ಮುಂದಿನವರು ಕಾಣದಾಗಿದ್ದರು. ಸಹಸ್ರನಾಮ ಅರ್ಧಕ್ಕೆ ಬರುವ ಮೊದಲೇ ಮೆಟ್ಟಿಲು ಮುಗಿಯಿತು, ಅಷ್ಟೇ ಪುಣ್ಯ. ಗಾಲಿಕುರ್ಚಿಯವರಿಗೆ ಮುಂಚಿತವಾಗಿ ತಿಳಿಸಿದರೆ ಬೇರೆ ಮಾರ್ಗ, ಇಳಿಯುವುದಕ್ಕೂ ಲಿಫ್ಟ್ ಇದೆಯೆಂದು ಆಮೇಲೆ ಗಣಿಯ ಜಾಲತಾಣದಲ್ಲಿ ಓದಿದೆ. ಮೆಟ್ಟಿಲಿನ ಸಂಖ್ಯೆಯೂ ಅಲ್ಲಿಯೇ ಇತ್ತು. ನೇರವಾಗಿ ಟಿಕೆಟ್ ಕೊಂಡಿದ್ದರೆ ಅದು ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ನಡುವೆ ಒಬ್ಬ ದಲ್ಲಾಳಿ ನಿಂತದ್ದರಿಂದ ನಾನು ಓದಲೇ ಇಲ್ಲ.

ಆದರೂ 101 ಮೀಟರ್ ಆಳದ ಸಂತ ಕಿಂಗಾ ಪ್ರಾರ್ಥನಾಲಯದ ಮೇಲಂತಸ್ತಿಗೆ ಬಂದು ಕೆಳಗೆ ನೋಡಿದಾಗ ಅಮ್ಮ ಮಂಡಿಯನ್ನು ಮರೆತಳು. 54 ಮೀಟರ್ ಉದ್ದದ ಹಜಾರ; ನೆಲ, ಗೋಡೆ, ಪೂಜಾವೇದಿ ಎಲ್ಲವೂ ಉಪ್ಪು. ಹಾಸುಗಲ್ಲಿನಂತೆ ಕಾಣುವ ನೆಲವೂ ಉಪ್ಪಿನಲ್ಲೇ ಕೊರೆದದ್ದು. ತೂಗುದೀಪಗಳಲ್ಲಿ ಹೊಳೆಯುವುದು ಉಪ್ಪಿನ ಹರಳು. 1896ರಲ್ಲಿ ಶುರುವಾದ ಈ ಕೆಲಸ ಹಿಡಿದವರು ಶಿಲ್ಪಶಾಲೆಯ ಪಂಡಿತರಲ್ಲ, ಗಣಿಯ ಆಳುಗಳು: ಯೂಜೆಫ್ ಮತ್ತು ತೊಮಾಶ್ ಮಾರ್ಕೊವ್‌ಸ್ಕಿ ಸಹೋದರರು, ಅವರ ನಂತರ ಆಂತೊನಿ ವಿರೊದೆಕ್. ಏಸುವಿನ ಕೊನೆಯ ಭೋಜನದ ಉಬ್ಬುಚಿತ್ರ ವಿರೊದೆಕ್ ಕೈಯದು. ಕೆಲವೇ ಅಂಗುಲದ ಉಬ್ಬಿನಲ್ಲಿ ಇಡೀ ಕೋಣೆಯೇ ಹಿಂದಕ್ಕೆ ಸರಿದಂತೆ ಕಾಣುತ್ತದೆ. ಈಗಲೂ ಭಾನುವಾರ ಇಲ್ಲಿ ಪೂಜೆಯುಂಟು.

ಅಮ್ಮನ ತವರು ಸಾಣಿಕಟ್ಟಾ ಕಡೆ. ಅವಳ ಲೆಕ್ಕದಲ್ಲಿ ಉಪ್ಪೆಂದರೆ ಆಗರದಲ್ಲಿ ಸಮುದ್ರದ ನೀರು ಕಟ್ಟಿ, ಬಿಸಿಲಿಗೆ ಒಣಗಿಸಿ, ರಾಶಿ ಹಾಕುವಂಥದ್ದು. ಬಿಸಿಲೇ ಕಾಣದ ಜಾಗದಲ್ಲಿ ಕಪ್ಪು ಬೂದು ಬಂಡೆ ತೋರಿಸಿ ಉಪ್ಪು ಎಂದರೆ ನಂಬಲಿಲ್ಲ. ಹಿಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಗೋಡೆಗೆ ಬೆರಳು ಒರೆಸಿ ನಾಲಿಗೆಗೆ ಇಟ್ಟುಕೊಂಡಳು. "ಹೌದು, ಉಪ್ಪೇ" ಎಂಬ ತೀರ್ಪು ಬಂತು.

ಇಷ್ಟು ನೋಡುವಷ್ಟರಲ್ಲಿ ವ್ಯಾನಿನ ಗಡಿಯಾರ ಬಡಿಯತೊಡಗಿತು. ಬೆಳಗ್ಗೆ ಹೋಟೆಲಿನಿಂದ ಹೋಟೆಲಿಗೆ ಸುತ್ತಿ ಜನರನ್ನು ತುಂಬಿಸಿಕೊಳ್ಳುವುದರಲ್ಲೇ ಮುಕ್ಕಾಲು ಗಂಟೆ ಹೋಗಿತ್ತು. ಅದನ್ನು ಮರಳಿ ಗಳಿಸಿದ್ದು ನಮ್ಮ ಸಮಯದಿಂದ. ಟಿಕೆಟ್‌ನಲ್ಲಿಯೇ ಸೇರಿರುವ ನೆಲದಡಿಯ ಮ್ಯೂಸಿಯಂ ನಮಗೆ ದಕ್ಕಲಿಲ್ಲ. ಗಣಿಯೊಳಗೆ ಕರೆದೊಯ್ದದ್ದು ಗಣಿಯದೇ ಮಾರ್ಗದರ್ಶಿ. ಹಾಗಾದರೆ ಟಿಕೆಟಿಗಿಂತ ಹೆಚ್ಚಿಗೆ ಕೊಟ್ಟ ಹಣ ಯಾವುದಕ್ಕೆ? ವ್ಯಾನಿನ ಸೀಟಿಗೆ.

ಚಳಿಗಾಲದಲ್ಲಿ ಗೆಳೆಯನೊಬ್ಬ ಬಂದಾಗ ರೈಲಿನಲ್ಲಿ ಹೋದೆವು. ಕ್ರಾಕೋವ್ ಮುಖ್ಯ ನಿಲ್ದಾಣದಿಂದ ವ್ಯೆಲಿಚ್ಕಾ ರಿನೆಕ್-ಕೊಪಾಲ್ನ್ಯಾ ನಿಲ್ದಾಣಕ್ಕೆ ಸುಮಾರು ಅರ್ಧ ಗಂಟೆ. ಕೊಪಾಲ್ನ್ಯಾ ಎಂದರೇ ಗಣಿ, ಆದ್ದರಿಂದ ಇಳಿಯುವ ಜಾಗ ತಪ್ಪುವ ಭಯವಿಲ್ಲ. ಅಲ್ಲಿಂದ ಕೆಲವೇ ನಿಮಿಷದ ನಡಿಗೆ. ಇಂಗ್ಲಿಷ್ ಮಾರ್ಗದರ್ಶನದ ಸಮಯ ನೋಡಿ ಟಿಕೆಟನ್ನು ಮೊದಲೇ ಕಾದಿರಿಸಿದ್ದೆ. ಹೊರಗೆ ಹಿಮ, ಒಳಗೆ 17–18 ಡಿಗ್ರಿ. ದಪ್ಪ ಕೋಟು ಹೊರೆಯಾದದ್ದೊಂದೇ ದೂರು. ಸುತ್ತು ಮುಗಿದ ಮೇಲೆ ನೆಲದಡಿಯಲ್ಲೇ ಊಟ ಮಾಡಿ, ಮ್ಯೂಸಿಯಂ ನೋಡಿ, ಬೇಕಾದಾಗ ಮೇಲೆ ಬಂದೆವು. ಪ್ರಾರ್ಥನಾಲಯದಲ್ಲಿ ಮಾತ್ರ ಗುಂಪಿನ ಜೊತೆಗೇ ಹೆಜ್ಜೆ ಹಾಕಬೇಕು. ಆ ತೊಂದರೆಗೆ ರೈಲಿನಲ್ಲೂ ಮದ್ದಿಲ್ಲ.

ಬೊಖ್ನ್ಯಾ ಇನ್ನೂ ಹಳೆಯದು, 1248ರಿಂದಿರುವ ಗಣಿ. ಯುನೆಸ್ಕೊ ಪಟ್ಟಿಗೆ ವ್ಯೆಲಿಚ್ಕಾ 1978ರಲ್ಲಿ ಸೇರಿದರೆ ಇದು ಸೇರಿದ್ದು 2013ರಲ್ಲಿ. ಇಲ್ಲಿ ಇಳಿಯುವುದು ಲಿಫ್ಟಿನಲ್ಲೇ, ಒಳಗೆ ಪುಟ್ಟ ರೈಲು, ದೋಣಿ, 140 ಮೀಟರ್ ಉದ್ದದ ಜಾರುಬಂಡೆ. ಇಲ್ಲೂ ಸಂತ ಕಿಂಗಾ ಹೆಸರಿನ ಪ್ರಾರ್ಥನಾಲಯವಿದೆ, ಚಿಕ್ಕದು. ಮಕ್ಕಳಿದ್ದರೆ ಇದೇ ಸರಿ. ನನಗೆ ದೋಣಿ, ಜಾರುಬಂಡೆಗಳ ನಡುವೆ ಇಗರ್ಜಿ ನೋಡಿದ ಅನುಭವ ನಿಲ್ಲಲಿಲ್ಲ.

ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ಹೊರಟು ಹೊತ್ತು ಮುಳುಗುವವರೆಗೆ ಒಂದೇ ಕಡೆ ಸುತ್ತುವುದು ನನ್ನ ರೂಢಿ. ಬೆಳಗ್ಗೆ ಗಣಿ, ಮಧ್ಯಾಹ್ನ ಇನ್ನೊಂದು ಎಂದು ಓಡುವವರಿಗೆ ವ್ಯಾನು ಹಿಡಿಸಬಹುದು. ಮುಂದಿನ ಬೇಸಿಗೆಗೆ ಅಪ್ಪ ಬರುತ್ತಾರೆ. ಅವರ ಮಂಡಿ ಗಟ್ಟಿಯಿದೆ, ರೈಲಿನಲ್ಲೇ ಹೋಗುತ್ತೇವೆ. ಅಮ್ಮ ಫೋನಿನಲ್ಲಿ ಅವರಿಗೆ ಮೆಟ್ಟಿಲಿನ ಸಂಖ್ಯೆಯನ್ನು ಈಗಾಗಲೇ ಮೂರು ಸಲ ಹೇಳಿದ್ದಾಳೆ. ಪ್ರತಿ ಸಲವೂ ಅದು ಐವತ್ತರಷ್ಟು ಹೆಚ್ಚುತ್ತಿದೆ.