ಮಂಡಿಪೇಟೆಯ ಹಳೇ ಪಿಂಗಾಣಿ ಅಂಗಡಿ: ತಟ್ಟಿ ನೋಡಿ ಕೊಳ್ಳಿ

ತುಮಕೂರಿನ ಮಂಡಿಪೇಟೆ ಕಡೆಯ ಈ ಹಳೇ ಸಾಮಾನಿನ ಅಂಗಡಿಗೆ ಉಪ್ಪಿನಕಾಯಿ ಜಾಡಿಗಾಗಿಯೇ ಹೋಗಬಹುದು. ಕಂದು-ಬಿಳಿ ಜಾಡಿಗಳ ಆಯ್ಕೆ ಚೆನ್ನಾಗಿದೆ. ಮುಚ್ಚಳ ಮಾತ್ರ ಎಷ್ಟೋ ಸಲ ಬೇರೆ ಜಾಡಿಯದು, ಕೂರಿಸಿ ತಿರುಗಿಸಿ ನೋಡಿ.

ನೀಲಿ ಚಿತ್ತಾರದ ತಟ್ಟೆಗಳಲ್ಲಿ ಎಚ್ಚರ ಬೇಕು. ಅಂಚಿನ ಬಳ್ಳಿ ಒಂದು ಕಡೆ ಸರಿಯಾಗಿ ಕೂಡಿಲ್ಲವೇ? ಅದು ದೋಷವಲ್ಲ, ಕಾಗದದಿಂದ ಅಚ್ಚು ಇಳಿಸಿದ ಟ್ರಾನ್ಸ್‌ಫರ್ ಕೆಲಸದ ಗುರುತು. ತಳದಲ್ಲಿ 'ಇಂಗ್ಲೆಂಡ್' ಎಂದಿದ್ದರೆ ಸಾಮಾನ್ಯವಾಗಿ 1891ರಿಂದೀಚಿನದು. ಅಮೆರಿಕದ ಸುಂಕದ ಕಾಯ್ದೆ ದೇಶದ ಹೆಸರು ಕಡ್ಡಾಯ ಮಾಡಿದ್ದು ಆಗ. ಅಂಗಡಿಯವರು ಅದನ್ನೂ 'ಇನ್ನೂರು ವರ್ಷದ್ದು' ಅಂತಾರೆ. ನಕ್ಕು ಮುಂದಿನ ತಟ್ಟೆ ಎತ್ತಿಕೊಳ್ಳಿ.

ತಟ್ಟೆಯನ್ನು ಬೆರಳ ತುದಿಗಳ ಮೇಲಿಟ್ಟು ಉಗುರಿನಿಂದ ಅಂಚು ತಟ್ಟಿ. ಟಣ್ ಎಂದರೆ ಸರಿ. ಅದೇ ಥರದ ಪಕ್ಕದ ತಟ್ಟೆಗಿಂತ ಮಂಕಾಗಿ ಡಬ್ ಎಂದರೆ ಸೀಳಿರಬಹುದು. ಇಲ್ಲಿನ ಬೆಳಕಿನಲ್ಲಿ ರಿಪೇರಿ ಕಾಣಿಸದು. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೆ ಬಣ್ಣ ಬಳಿದ ಜಾಗದ ಹೊಳಪು ಬೇರೆಯೇ.

ಮಣ್ಣಿನ ಮಡಕೆಗಳು ಸಾಧಾರಣ. ಪ್ಯಾಕಿಂಗ್ ಅಂದರೆ ಒಂದು ಪದರ ಪೇಪರು, ಹಳೇ ಟವೆಲ್ ಒಯ್ಯಿರಿ. ಮೆರುಗು, ಅಂದರೆ ಮೇಲಿನ ಗಾಜಿನಂಥ ಪದರ, ಬಿರುಕು ಬಿಟ್ಟ ತಟ್ಟೆಯನ್ನು ಬ್ಲೀಚಿನಲ್ಲಿ ನೆನೆಸಬೇಡಿ, ಒಳಗೆ ಉಳಿದ ಬ್ಲೀಚಿನ ಉಪ್ಪು ಮೆರುಗನ್ನೇ ಕಿತ್ತೆಬ್ಬಿಸುತ್ತದೆ. ಅದರಲ್ಲಿ ಹುಳಿ ಪದಾರ್ಥ ಬಡಿಸುವುದೂ ಬೇಡ. ಹಳೇ ಮೆರುಗಿನಲ್ಲಿ ಸೀಸ ಇರಬಹುದು.