ಗಾಳಿಬೀಡು ರಸ್ತೆಯ ಮಾಡಿನ ಮೇಲೆ ವಿಮಾನದ ಮಾತು: ಒಂದು ಮಳೆಗಾಲ ದಾಟಿದ ರೇಡಿಯೋ ಡಾಂಗಲ್

ಕಂಪ್ಯೂಟರಿನ ಯುಎಸ್‌ಬಿಗೆ ಸಿಕ್ಕಿಸಿದರೆ ರೇಡಿಯೋ ಸಿಗ್ನಲ್ ಹಿಡಿಯುವ ಈ ಚಿಕ್ಕ ಡಾಂಗಲ್ ನಮ್ಮ ಮನೆಗೆ ಬಂದು ಒಂದು ಮಳೆಗಾಲ ಪೂರ್ತಿ ಕಳೆಯಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ. ನಮ್ಮ ಕಡೆ ಯಾವ ಎಲೆಕ್ಟ್ರಾನಿಕ್ ಸಾಮಾನನ್ನೂ ಕಕ್ಕಡ ತಿಂಗಳು, ಅಂದರೆ ಜುಲೈ-ಆಗಸ್ಟಿನ ಜಡಿಮಳೆ, ದಾಟುವ ಮೊದಲು ಹೊಗಳುವ ಹಾಗಿಲ್ಲ.

ನನ್ನದು ಮಡಿಕೇರಿಯಲ್ಲಿ ಮೋಟಾರ್ ವೈಂಡಿಂಗ್ ಕೆಲಸ. ಮನೆ ಗಾಳಿಬೀಡು ರಸ್ತೆಯಲ್ಲಿ. ಪಡುವಣಕ್ಕೆ ಘಟ್ಟ ಇಳಿದುಹೋಗುತ್ತದೆ, ಆ ಕಡೆ ಆಕಾಶ ಬಯಲು. ಗಲ್ಫ್‌ನಿಂದ ಕಣ್ಣೂರಿಗೆ, ಮಂಗಳೂರಿಗೆ ಬರುವ ವಿಮಾನಗಳು ಆ ಕಡೆಯಿಂದಲೇ ಬರುತ್ತವೆ. ರಾತ್ರಿ ಜಗಲಿಯಲ್ಲಿ ಕೂತರೆ ದೀಪ ಮಿನುಗುವುದು ಕಾಣುತ್ತದೆ. ಅವು ಏನು ಮಾತಾಡಿಕೊಳ್ಳುತ್ತವೆ ಎಂದು ತಿಳಿಯುವ ಆಸೆ ಬಹಳ ದಿನದ್ದು.

ವಿಮಾನ ತನ್ನ ಕಂಪನಿಗೆ ಕಳಿಸುವ ಚುಟುಕು ಸಂದೇಶಗಳಿಗೆ ಏಕಾರ್ಸ್ ಅನ್ನುತ್ತಾರೆ. 1978ರಿಂದ ಇದೆ. ನಮ್ಮ ಎಸ್‌ಎಂಎಸ್ ಇದ್ದ ಹಾಗೆ. ಗೇಟ್ ಬಿಟ್ಟೆ, ಹಾರಿದೆ, ಇಳಿದೆ, ಗೇಟಿಗೆ ಬಂದೆ ಅನ್ನುವ ನಾಲ್ಕು ಹೊತ್ತಿನ ಲೆಕ್ಕ, ಇಂಧನ, ಇಂಜಿನ್ ಸ್ಥಿತಿ, ಮುಂದಿನ ಊರಿನ ಹವಾಮಾನ, ಇಂಥವು. 131 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಹೆಚ್ಚಾಗಿ ಮುಚ್ಚುಮರೆ ಇಲ್ಲದೆ ಬರುತ್ತವೆ. ಮ್ಯಾಪಿನಲ್ಲಿ ವಿಮಾನ ಓಡುವುದನ್ನು ತೋರಿಸುವುದು 1090 ಮೆಗಾಹರ್ಟ್ಸ್‌ನ ಬೇರೆಯದೇ ಸಿಗ್ನಲ್. ಅದು ವಿಮಾನ ಎಲ್ಲಿದೆ ಅಂತ ಹೇಳುತ್ತದೆ. ಇದು ವಿಮಾನ ಏನು ಹೇಳುತ್ತಿದೆ ಅಂತ ಹೇಳುತ್ತದೆ. ನನಗೆ ಇದೇ ಜಾಸ್ತಿ ಇಷ್ಟ.

ಮೊದಲು ಆನ್‌ಲೈನಿನಲ್ಲಿ ಅಗ್ಗದ ಪ್ಲಾಸ್ಟಿಕ್ ಡಾಂಗಲ್ ಒಂದನ್ನು ತರಿಸಿದ್ದೆ. ಹೆಸರೇ ಇಲ್ಲದ ಮಾಲು. ಜನವರಿ ಬೆಳಗ್ಗೆ ಒಂದು ಫ್ರೀಕ್ವೆನ್ಸಿ, ಮಧ್ಯಾಹ್ನ ಬಿಸಿಲೇರಿದ ಮೇಲೆ ಇನ್ನೊಂದು. ಹತ್ತು ಲಕ್ಷಕ್ಕೆ 50ರಷ್ಟು ತಪ್ಪಿದರೂ 131ರ ಹತ್ತಿರ ಅದು ಆರೂವರೆ ಕಿಲೋಹರ್ಟ್ಸ್ ಆಗುತ್ತದೆ. ಚಾನೆಲ್ಲಿಗಿರುವ ಜಾಗವೇ 25 ಕಿಲೋಹರ್ಟ್ಸ್. ಸಂದೇಶ ಹರಿದು ಚೂರು ಚೂರಾಗಿ ಬರುತ್ತಿತ್ತು. ದಯವಿಟ್ಟು ಅಲ್ಲಿ ದುಡ್ಡು ಉಳಿಸಬೇಡಿ.

ಆಮೇಲೆ ತೆಗೆದುಕೊಂಡದ್ದು ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್‌ನವರ ವಿ3. ನನಗೆ ಸುಮಾರು 4,500 ರೂಪಾಯಿ ಬಿತ್ತು. ಒಳಗಿನ ಚಿಪ್ ಟಿವಿ ನೋಡಲೆಂದು ಮಾಡಿದ್ದೇ. ಅದರಿಂದ ಬೇಕಾದ ರೇಡಿಯೋ ಕೇಳಬಹುದು ಎಂದು ಹವ್ಯಾಸಿಗಳಿಗೆ ಗೊತ್ತಾದದ್ದು 2012ರ ಸುಮಾರಿಗೆ. ಇದರಲ್ಲಿ ಚಳಿ ಬಿಸಿಲಿಗೆ ಜಾರದ ಆಸಿಲೇಟರ್ (ಫ್ರೀಕ್ವೆನ್ಸಿಗೆ ತಾಳ ಹಾಕುವ ಭಾಗ) ಇದೆ, ತಪ್ಪು ಹತ್ತು ಲಕ್ಷಕ್ಕೆ ಒಂದರಷ್ಟೇ. ಅಲ್ಯೂಮಿನಿಯಂ ಮೈ, ಕೆಲಸ ಮಾಡುವಾಗ ಬಿಸಿಯಾಗುತ್ತದೆ. ನಮಗೆ ಅದೇ ಒಳ್ಳೆಯದಾಯಿತು. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯಿತು. ಡಾಂಗಲ್ ಇಟ್ಟ ಡಬ್ಬಿ ಮಾತ್ರ ಒಳಗೆ ಒಣಗಿಯೇ ಇತ್ತು.

ಆದರೂ ಮೊದಲ ವಾರ ಕೇಳಿದ್ದು ಬರೀ ಗಲಾಟೆ. ಕಾರಣ 103.1. ಮಡಿಕೇರಿ ಆಕಾಶವಾಣಿಯ ಎಫ್‌ಎಂ. ಬೆಳಗ್ಗೆ ಎದ್ದರೆ ನಮ್ಮ ಮನೆಯಲ್ಲೂ ಅದೇ ಹಾಡಬೇಕು, ತಪ್ಪು ಅದರದ್ದಲ್ಲ. ಇಷ್ಟು ಹತ್ತಿರದ ಗಟ್ಟಿ ಸಿಗ್ನಲ್ ಬಂದರೆ ಈ ಜಾತಿಯ ಡಾಂಗಲ್‌ಗಳು ಕಿವುಡಾಗುತ್ತವೆ. 88ರಿಂದ 108ರವರೆಗೆ ತಡೆಯುವ ಎಫ್‌ಎಂ ಫಿಲ್ಟರ್ ಹಾಕಿದೆ. ಅವತ್ತೇ ಸಂಜೆ ಸಾಲು ಸಾಲಾಗಿ ಸಂದೇಶ ಬಂತು. ಮಡಿಕೇರಿ ಪೇಟೆಯ ಹತ್ತಿರ ಇರುವವರು ಡಾಂಗಲ್ ಜೊತೆಗೇ ಫಿಲ್ಟರ್ ತರಿಸಿಕೊಳ್ಳಿ.

ಆಂಟೆನಾ ನಾನೇ ಮಾಡಿದ್ದು. ತಾಮ್ರದ ತಂತಿ, ಮೇಲಕ್ಕೆ 54 ಸೆಂಟಿಮೀಟರ್, ಕೆಳಕ್ಕೆ ಅಷ್ಟೇ, ನೆಟ್ಟಗೆ ನಿಲ್ಲಬೇಕು. ಡಿಶ್ ಹಾಕಿದಾಗ ಉಳಿದಿದ್ದ ಕೇಬಲ್ಲೇ ಸಾಕಾಯಿತು. ಏರಿಸಲು ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಕೊಡುತ್ತೇನೆ ಎಂದು ಭಾವ ಹೇಳಿದರು. ಬೇಡ ಅಂದೆ. ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ, ಪಕ್ಕದಲ್ಲಿದ್ದರೆ ಆಂಟೆನಾ ಕೆಡುತ್ತದೆ. ಸ್ಪ್ರಿಂಕ್ಲರಿನ ಹಳೇ ಪಿವಿಸಿ ಪೈಪು ಮಾಡಿನ ತುದಿಗೆ ಕಟ್ಟಿದೆ. ಏಪ್ರಿಲ್ ತಿಂಗಳಲ್ಲಿ ಗುಡುಗು ಕೇಳಿದರೆ ಮೊದಲು ಕೇಬಲ್ ಕಳಚುತ್ತೇನೆ.

ಉಳಿದದ್ದು ಹಳೆಯ ರಾಸ್ಪ್‌ಬೆರಿ ಪೈ, ಅಂಗೈಯಷ್ಟು ಕಂಪ್ಯೂಟರ್. ಡಾಂಗಲ್ ಕಂಡ ಕೂಡಲೇ ಪೈಯನ್ನು ಓಡಿಸುವ ಲಿನಕ್ಸ್ ಅದನ್ನು ಟಿವಿ ಅಂದುಕೊಳ್ಳುತ್ತದೆ, ಆ ಡ್ರೈವರನ್ನು ತಡೆಹಿಡಿಯಬೇಕು. ಏಕಾರ್ಸ್‌ಡೆಕ್ ಅನ್ನುವ ಪ್ರೋಗ್ರಾಂ ಸಿಗ್ನಲ್ಲನ್ನು ಅಕ್ಷರ ಮಾಡಿ ಏರ್‌ಫ್ರೇಮ್ಸ್‌ಗೆ ಕಳಿಸುತ್ತದೆ. ಬೇರೆ ಬೇರೆ ದೇಶಗಳ ಹವ್ಯಾಸಿಗಳು ಹಿಡಿದ ಸಂದೇಶಗಳು ಸೇರುವ ಜಾಗ ಅದು. ಜೂನ್‌ನಲ್ಲಿ ಕರೆಂಟ್ ಹೋಗಿ ಬಂದು, ಹೋಗಿ ಬಂದು, ಮೆಮೊರಿ ಕಾರ್ಡ್ ಎರಡು ಸಲ ಸತ್ತಿತು. ಈಗ ಪೈಗೂ ರೂಟರಿಗೂ ಒಂದೇ ಬ್ಯಾಟರಿ ಇದೆ.

ಒಂದು ಕೊರತೆ ಮೊದಲೇ ಹೇಳಿಬಿಡಬೇಕು. ನಮ್ಮ ಮನೆಗೆ ಕೇಳುವುದು ವಿಮಾನದ ಮಾತು ಮಾತ್ರ. ನೆಲದಿಂದ ಹೋಗುವ ಉತ್ತರ ಬೆಟ್ಟಗಳ ಆಚೆಗೇ ಉಳಿಯುತ್ತದೆ. 35,000 ಅಡಿ ಎತ್ತರದ ವಿಮಾನಕ್ಕೆ 400 ಕಿಲೋಮೀಟರ್ ದಾಟಿಯೂ ನೇರ ನೋಟ ಸಿಗುತ್ತದೆ, ಅದಕ್ಕೇ ಸಮುದ್ರದ ಮೇಲಿಂದಲೂ ಬರುತ್ತದೆ. ಮೂಡಣ ಕಡೆ ಮನೆ ಹಿಂದೆಯೇ ಗುಡ್ಡ, ಬೆಂಗಳೂರಿನದ್ದು ತೀರಾ ಕಡಿಮೆ. ಇನ್ನು 136.975 ಮೆಗಾಹರ್ಟ್ಸ್‌ನಲ್ಲಿ ಬರುವ ಹೊಸ ಬಗೆಯ ವಿಡಿಎಲ್ ಸಂದೇಶವೂ ಬೇಕಾದರೆ ಇನ್ನೊಂದು ಡಾಂಗಲ್ ಬೇಕು. ಒಂದೇ ಡಾಂಗಲ್ ಅಷ್ಟು ಅಗಲ ಒಟ್ಟಿಗೆ ನೋಡಲಾರದು.

ಪಕ್ಕದ ಮನೆ ಇಕ್ಕಾ ಅವರ ಮಗ ದುಬೈಯಿಂದ ಕಣ್ಣೂರಿಗೆ ಬರುವವನು. ಜುಲೈಯ ಒಂದು ರಾತ್ರಿ ಇಕ್ಕಾ ಕೊಡೆ ಹಿಡಿದು ಬಂದರು. "ನೋಡು ಮಾರಾಯ, ಹತ್ತಿರ ಬಂತಾ?" ಅಂದರು. ಬಂದಿತ್ತು. ವಿಒಕೆಎನ್, ಅಂದರೆ ಕಣ್ಣೂರಿನ ಹವಾಮಾನ ಕೇಳಿತು. ಸ್ವಲ್ಪ ಹೊತ್ತಿಗೆ ಪುನಃ ಅದನ್ನೇ. ಮೂರನೇ ಸಲ ವಿಒಸಿಐ, ಕೊಚ್ಚಿಯದ್ದು. ನಮ್ಮ ಮಾಡಿನ ಮೇಲೂ ಮಳೆ ಹೊಯ್ಯುತ್ತಿತ್ತು, ಪೈಲಟ್ ಯಾಕೆ ಕೇಳುತ್ತಿದ್ದಾರೆ ಎಂದು ನನಗೆ ಅರ್ಥವಾಯಿತು. "ಮಳೆ ಅಲ್ವಾ ಇಕ್ಕಾ, ಸ್ವಲ್ಪ ತಡ ಆಗಬಹುದು" ಅಂದೆ, ಅಷ್ಟೇ. ಆಮೇಲೆ ತಡಿಯಂಡಮೋಳ್ ಕಡೆಯ ಬೆಟ್ಟಗಳ ಹಿಂದೆ ಮಾತು ನಿಂತಿತು. ಇಳಿಯುವಾಗ ಯಾವತ್ತೂ ಹಾಗೆಯೇ ನಿಲ್ಲುತ್ತದೆ. ಮುಕ್ಕಾಲು ಗಂಟೆಗೆ ಇಕ್ಕಾ ಅವರ ಫೋನ್ ಬಡಿಯಿತು, ಮಗ ಕಣ್ಣೂರಿನಲ್ಲೇ ಇದ್ದ.

ಮೊನ್ನೆ ಮಳೆ ಬಿಟ್ಟ ಮೇಲೆ ಪೈಪು ಇಳಿಸಿ ಕೇಬಲ್ ಜಾಯಿಂಟ್ ಬಿಚ್ಚಿ ನೋಡಿದೆ. ಮೇ ತಿಂಗಳಲ್ಲಿ ಸುತ್ತಿದ್ದ ರಬ್ಬರ್ ಟೇಪಿನ ಒಳಗೆ ತಾಮ್ರ ಇನ್ನೂ ಹೊಸದರ ಹಾಗೆ ಹೊಳೆಯುತ್ತಿತ್ತು.