ಟಿಎಂಎಸ್ ಅಂತ ಹೇಳಿ ದುಡ್ಡು ಕಟ್ಟಿಸ್ಕೊಂಡ್ರು, ಕೊಟ್ಟಿದ್ದು ಟಿಎಂಎಸ್ಸೇ ಅಲ್ಲ

ಡಿಪ್ರೆಶನ್ನಿಗೆ ಟಿಎಂಎಸ್ (ತಲೆ ಮೇಲೆ ಕಾಯಿಲ್ ಇಟ್ಟು ಕಾಂತ ಶಕ್ತಿಯಿಂದ ಮೆದುಳಿಗೆ ಕೊಡೋ ಟ್ರೀಟ್‌ಮೆಂಟ್), ಮ್ಯಾಗ್ನೆಟ್ ಟ್ರೀಟ್‌ಮೆಂಟ್ ಪ್ಯಾಕೇಜ್ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ದುಡ್ಡು ಕಟ್ಟೋಕೆ ಮುಂಚೆ ಇದನ್ನ ಓದಿ. ಮೂರು ವಾರದಿಂದ ಬರೀಬೇಕು ಅಂತಿದ್ದೆ, ನಾಚಿಕೆ ಆಗ್ತಿತ್ತು, ಇವತ್ತು ಆ ಸೆಂಟರ್‌ನವ್ರ ಮೆಸೇಜ್ ನೋಡಿದ್ಮೇಲೆ ಸುಮ್ನಿರಕ್ಕೆ ಆಗ್ಲಿಲ್ಲ.

ನನ್ನ ತಮ್ಮನಿಗೆ ಎರಡು ವರ್ಷದಿಂದ ಡಿಪ್ರೆಶನ್. ಎರಡು ಥರ ಮಾತ್ರೆ ಆಯ್ತು, ಹಾಸಿಗೆ ಬಿಟ್ಟು ಏಳ್ತಿರ್ಲಿಲ್ಲ, ಅಮ್ಮ ತಟ್ಟೆ ಹಿಡ್ಕೊಂಡು ರೂಮ್ ಬಾಗಿಲಲ್ಲೇ ನಿಂತಿರೋರು. ಆಗ ಜಯನಗರದ ಕಡೆ ಒಂದು ಸೆಂಟರ್‌ಗೆ ಹೋದ್ವಿ. "ಮಾತ್ರೆ ಕೆಲ್ಸ ಮಾಡ್ದೇ ಇರೋರಿಗೇ ಟಿಎಂಎಸ್ ಮೇಡಂ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಒಪ್ಪಿದೆ" ಅಂದ್ರು. ಆ ಮಾತು ನಿಜ, ಮನೇಲಿ ಬಂದು ಹುಡುಕಿದ್ರೂ ಅದೇ ಸಿಕ್ತು, ಅದಕ್ಕೇ ನಂಬಿದೆ. 30 ಸೆಷನ್, 90 ಸಾವಿರ, ಒಟ್ಟಿಗೆ ಕಟ್ಬೇಕು. ಬಳೆ ಅಡ ಇಟ್ಟು ಕಟ್ಟಿದೆ.

ವಾರಕ್ಕೆ ಎರಡು ದಿನ. ತಲೆಗೆ ಟೋಪಿ ಥರದ್ದು ಹಾಕಿ 20 ನಿಮಿಷ ಕೂರಿಸೋರು. ಡಾಕ್ಟ್ರನ್ನ ನೋಡಿದ್ದು ಮೊದಲನೇ ದಿನ ಐದು ನಿಮಿಷ, ಅಷ್ಟೆ. ಶಬ್ದ ಇಲ್ಲ ನೋವಿಲ್ಲ, ಒಳ್ಳೇದೇ ಆಯ್ತು ಅನ್ಕೊಂಡೆ.

11 ಸೆಷನ್ ಆದ್ಮೇಲೆ ಅವನು ಊಟಾನೂ ಬಿಟ್ಟ. ಹೆದರ್ಕೊಂಡು ನಿಮ್ಹಾನ್ಸ್‌ಗೆ ಕರ್ಕೊಂಡು ಹೋದೆ. ಅಲ್ಲಿ ಡಾಕ್ಟ್ರು ಕೇಳಿದ್ದು ಎರಡೇ, "ಮೊದಲನೇ ದಿನ ಹೆಬ್ಬೆರಳು ಅದುರೋದನ್ನ ನೋಡಿ ಪವರ್ ಸೆಟ್ ಮಾಡಿದ್ರಾ? ಕಿವಿಗೆ ಪ್ಲಗ್ ಕೊಟ್ರಾ?" ತಮ್ಮ "ಇಲ್ಲ ಸಾರ್, ಶಬ್ದಾನೇ ಇರ್ಲಿಲ್ಲ" ಅಂದ. ಅವರು ನನ್ನ ಮುಖ ನೋಡಿದ್ರು. ಆ ಕ್ಷಣ ಎದ್ದು ಹೊರಗೆ ಹೋಗ್ಬೇಕು ಅನ್ನಿಸ್ತು ನನಗೆ. ಟಿಎಂಎಸ್ ಕಾಯಿಲ್ ಟಕ ಟಕ ಅಂತ ಜೋರಾಗಿ ಬಡಿಯುತ್ತಂತೆ, ತಲೆ ಮೇಲೆ ಕುಟ್ಟಿದ ಹಾಗೆ ಇರುತ್ತಂತೆ, ಆ ಕಾಂತ ಶಕ್ತಿ ಎಂಆರ್‌ಐ ಮಷಿನ್ನಿನಷ್ಟು ಇರುತ್ತಂತೆ, ಮಾಮೂಲಿ ಕೋರ್ಸ್ ವಾರಕ್ಕೆ 5 ದಿನದ ಹಾಗೆ 4ರಿಂದ 6 ವಾರ. ತಲೇಲಿ ಲೋಹದ ಕ್ಲಿಪ್ ಇದ್ಯಾ, ಫಿಟ್ಸ್ ಬಂದಿತ್ತಾ ಅಂತ ಕೇಳ್ದೇ ಶುರುನೇ ಮಾಡಲ್ಲ. ನಮ್ಮನ್ನ ಒಂದು ಮಾತೂ ಕೇಳಿರ್ಲಿಲ್ಲ.

ಸೆಂಟರ್‌ಗೆ ವಾಪಸ್ ಹೋಗಿ ಕೇಳಿದ್ರೆ ಅಲ್ಲಿನ ಹುಡುಗಿ ತಣ್ಣಗೆ "ನಾವು ಟಿಎಂಎಸ್ ಅಂತ ಎಲ್ಲಿ ಬರೆದಿದ್ದೀವಿ ತೋರಿಸಿ ಮೇಡಂ" ಅಂದ್ಲು. ಬಿಲ್ ತೆಗೆದು ನೋಡ್ದೆ. "ಬ್ರೈನ್ ವೆಲ್‌ನೆಸ್ ಪ್ಯಾಕೇಜ್". ಕೈಯಲ್ಲೇ ಇತ್ತು ಇಷ್ಟು ದಿನ, ನಾನು ಓದೇ ಇಲ್ಲ! ರಿಫಂಡ್ ಕೇಳಿದ್ರೆ "ಇದು ಸಾಫ್ಟ್ ಮ್ಯಾಗ್ನೆಟಿಕ್ ಥೆರಪಿ, ಪೇಷೆಂಟ್ ಸಹಕರಿಸಿದ್ರೆ ರಿಸಲ್ಟ್ ಬರುತ್ತೆ". ಇವತ್ತಿನ ಮೆಸೇಜಲ್ಲೂ ಅದೇ, ಪೇಷೆಂಟ್ ಸಹಕರಿಸ್ಲಿಲ್ಲ. ಎದ್ದು ಕೂರೋಕಾಗದ ಹುಡುಗ ಆಟೋ ಹತ್ತಿ 11 ಸಲ ಬಂದಿದ್ದಾನೆ ಕಣ್ರೀ!

ದುಡ್ಡಿಗಿಂತ ಹೊಟ್ಟೆ ಉರಿಯೋದು ಇನ್ನೊಂದಕ್ಕೆ. "ಅಕ್ಕಾ, ಮೆದುಳಿಗೇ ಟ್ರೀಟ್‌ಮೆಂಟ್ ಕೊಟ್ರೂ ನಾನು ಸರಿ ಹೋಗ್ಲಿಲ್ಲ, ಇನ್ನೇನು ಉಳಿದಿದೆ" ಅಂದ ಅವನು. ಕೊಡ್ದೇ ಇರೋ ಟ್ರೀಟ್‌ಮೆಂಟ್ ಫೇಲಾಯ್ತು ಅಂತ ಅವನಿಗೆ ನಂಬಿಸಿಬಿಟ್ಟಿದ್ರು.

ಹೋಗೋರು ಸೈಕಿಯಾಟ್ರಿಸ್ಟ್ ಬರೆದುಕೊಟ್ಟ ಮೇಲೇ ಹೋಗಿ, ಮಷಿನ್ ಹೆಸರು ಬರೆಸ್ಕೊಳ್ಳಿ, ಬಿಲ್ಲಲ್ಲಿ ಟಿಎಂಎಸ್ ಅಂತ ಇರ್ಲಿ, ಕೆಪಿಎಂಇ (ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ ಸರ್ಕಾರಿ) ನೋಂದಣಿ ಗೋಡೇಲಿ ಇದ್ಯಾ ನೋಡಿ, ಪೂರ್ತಿ ದುಡ್ಡು ಮೊದ್ಲೇ ಕಟ್ಲೇಬೇಡಿ. ಯಾರನ್ನ ಕೇಳೋದು ಗೊತ್ತಾಗ್ದೇ ಇದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ರಾತ್ರಿನೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡ್ಬಹುದು.

ತಮ್ಮನಿಗೆ ಈಗ ಮಾತ್ರೆ ಬದಲಾಯಿಸಿದ್ದಾರೆ, ಬೇಕಾದ್ರೆ ಆಮೇಲೆ ನಿಜವಾದ ಟಿಎಂಎಸ್ ನೋಡೋಣ ಅಂದಿದ್ದಾರೆ. ಗ್ರಾಹಕರ ಆಯೋಗಕ್ಕೆ ದೂರು ಬರೀತಿದ್ದೀನಿ. "ವೆಲ್‌ನೆಸ್ ಪ್ಯಾಕೇಜ್" ಅಂತ ಇಂಥದೇ ಬಿಲ್ ನಿಮ್ಮ ಹತ್ರ ಇದ್ರೆ ಎಸೀಬೇಡಿ, ನನಗೆ ಹೇಳಿ.